ಕರ್ತಾಜಿನಿಂದ ಕಂಪ್ಯೂಟರಿನ ವೀಸಾವರೆಗೆ: ಕಾರವಾರದ ಕರಾವಳಿಯಲ್ಲಿ ಪರವಾನಗಿಯ ಐದು ಶತಮಾನ

ಗೋಕರ್ಣದ ಓಂ ಬೀಚಿನಲ್ಲಿ ಬಿಸಿಲು ಕಾಯಿಸುತ್ತ ಮಲಗುವ ವಿದೇಶಿ ಪ್ರವಾಸಿಗಳಲ್ಲಿ ಅನೇಕರು ಗೋವೆಯ ವಿಮಾನ ನಿಲ್ದಾಣದಲ್ಲಿ ಇಳಿದು, ಕಾಣಕೋಣ, ಕಾರವಾರ, ಅಂಕೋಲಾ ದಾಟಿ ಬಂದವರು. ಅವರ ಚೀಲದಲ್ಲಿ ಪಾಸ್‌ಪೋರ್ಟಿನ ಜೊತೆಗೆ ಒಂದು ಹಾಳೆ ಇರುತ್ತದೆ. ಊರು ಬಿಡುವ ಮೊದಲೇ ಮನೆಯಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಅರ್ಜಿ ತುಂಬಿ, ಹಣ ಕಟ್ಟಿ, ಮಿಂಚಂಚೆಯಲ್ಲಿ ಪಡೆದ ಪರವಾನಗಿಯ ಅಚ್ಚುಪ್ರತಿ ಅದು. ಶ್ರೀಲಂಕಾಕ್ಕೋ ವಿಯೆಟ್ನಾಮಿಗೋ ಹೊರಟ ಅಂಕೋಲೆಯ ಯುವಕನ ಕೈಯಲ್ಲೂ ಇಂದು ಅಂಥದೇ ಒಂದು ಹಾಳೆ ಇರುತ್ತದೆ. ಇದಕ್ಕೆ ಎಲೆಕ್ಟ್ರಾನಿಕ್ ವೀಸಾ ಅಥವಾ ಇ-ವೀಸಾ ಎಂದು ಹೆಸರು.

ಯಂತ್ರ ಹೊಸದು, ನಿಜ. ಆದರೆ 'ಮನೆ ಬಿಡುವ ಮೊದಲೇ ಪರರಾಜ್ಯದ ಅಪ್ಪಣೆ ಪಡೆ, ಶುಲ್ಕ ಕಟ್ಟು, ಕೇಳಿದಲ್ಲಿ ಚೀಟಿ ತೋರಿಸು' ಎಂಬ ನಿಯಮ ಈ ಕರಾವಳಿಗೆ ಹೊಸದಲ್ಲ. ಐನೂರು ವರ್ಷಗಳ ಹಿಂದೆ ಇಲ್ಲಿಯ ಹಡಗುಗಳು ಅಂಥ ಚೀಟಿ ಇಲ್ಲದೆ ಸಮುದ್ರಕ್ಕೆ ಇಳಿಯುವಂತಿರಲಿಲ್ಲ. ಎಪ್ಪತ್ತು ವರ್ಷಗಳ ಹಿಂದೆ ಕಾರವಾರದಿಂದ ಕೆಲವೇ ಮೈಲಿ ದೂರದ ಊರಿಗೆ ಹೋಗಲೂ ಅದು ಬೇಕಾಗಿತ್ತು. ಗಡಿ ದಾಟುವ ಚೀಟಿಯನ್ನು ಕೊಡುವವರು ಯಾರು, ಬೇಡುವವರು ಯಾರು ಎಂಬುದು ಕಾಲಕಾಲಕ್ಕೆ ಬದಲಾಗಿದೆ. ಆ ಬದಲಾವಣೆಯ ಕಥೆಯನ್ನು ಕಾರವಾರ-ಅಂಕೋಲಾಗಳಷ್ಟು ಚೆನ್ನಾಗಿ ಹೇಳಬಲ್ಲ ಸ್ಥಳಗಳು ಕರ್ನಾಟಕದಲ್ಲಿ ಹೆಚ್ಚಿಲ್ಲ.

ಎರಡು ಕಾಗದ, ಎರಡು ಅರ್ಥ

ಪಾಸ್‌ಪೋರ್ಟು ಮತ್ತು ವೀಸಾ ಒಂದೇ ಎಂದು ತಿಳಿಯುವವರು ಈಗಲೂ ಇದ್ದಾರೆ. ಪಾಸ್‌ಪೋರ್ಟನ್ನು ಕೊಡುವುದು ನಮ್ಮ ಸರ್ಕಾರ. 'ಈತ ನಮ್ಮವನು' ಎಂದು ಅದು ಹೇಳುತ್ತದೆ. ವೀಸಾ ಕೊಡುವುದು ನಾವು ಹೋಗಬೇಕೆಂದಿರುವ ದೇಶದ ಸರ್ಕಾರ. 'ಈತ ಬರಬಹುದು' ಎಂದು ಅದು ಹೇಳುತ್ತದೆ. ಮೊದಲನೆಯದು ಗುರುತು, ಎರಡನೆಯದು ಅನುಮತಿ. ಗುರುತನ್ನು ನಾವು ಹಕ್ಕಿನಿಂದ ಕೇಳಬಹುದು. ಅನುಮತಿಯನ್ನು ಬೇಡಿಯೇ ಪಡೆಯಬೇಕು.

'ವೀಸಾ' ಎಂಬ ಮಾತು ಲ್ಯಾಟಿನ್ ಭಾಷೆಯದು. 'ನೋಡಲಾದ ಕಾಗದ', ಅಂದರೆ ಅಧಿಕಾರಿ ಪರಿಶೀಲಿಸಿ ಗುರುತು ಹಾಕಿದ ಪತ್ರ ಎಂಬುದು ಅದರ ಮೂಲಾರ್ಥ. ಕನ್ನಡದಲ್ಲಿ ಇದಕ್ಕೆ ಹತ್ತಿರವಾದ ಹಳೆಯ ಮಾತು 'ರಹದಾರಿ'. ದಾರಿ ಎಂಬ ಅರ್ಥದ ಪಾರ್ಸಿಯ 'ರಾಹ್' ಅದರಲ್ಲಿದೆ. ಇನ್ನೂ ಹಿಂದಕ್ಕೆ ಹೋದರೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ 'ಮುದ್ರಾಧ್ಯಕ್ಷ' ಎಂಬ ಅಧಿಕಾರಿ ಸಿಗುತ್ತಾನೆ. ಒಂದು ಮಾಷಕ ಶುಲ್ಕ ಪಡೆದು ಮುದ್ರೆ ಕೊಡುವುದು ಅವನ ಕೆಲಸ. ಮುದ್ರೆ ಇದ್ದವರಿಗಷ್ಟೇ ಜನಪದದ ಒಳಕ್ಕೆ ಬರಲು, ಹೊರಕ್ಕೆ ಹೋಗಲು ಅವಕಾಶ. ಇಲ್ಲದವನಿಗೆ ಹನ್ನೆರಡು ಪಣ ದಂಡ, ಖೋಟಾ ಮುದ್ರೆಗೆ ಅದಕ್ಕಿಂತ ಹೆಚ್ಚಿನ ಶಿಕ್ಷೆ. ಗೋಮಾಳಗಳ ಮೇಲ್ವಿಚಾರಕನಾದ ವಿವೀತಾಧ್ಯಕ್ಷ ದಾರಿಹೋಕರ ಮುದ್ರೆಗಳನ್ನು ತಪಾಸಣೆ ಮಾಡಬೇಕು ಎಂದೂ ಅಲ್ಲಿ ಹೇಳಿದೆ. ಅರ್ಜಿ, ಶುಲ್ಕ, ತಪಾಸಣೆ, ಖೋಟಾ ಚೀಟಿಗೆ ದಂಡ: ಇಂದಿನ ವೀಸಾ ಕಚೇರಿಯ ನಾಲ್ಕೂ ಅಂಗಗಳು ಆ ಗ್ರಂಥದಲ್ಲಿ ಆಗಲೇ ಇದ್ದವು.

ಸಮುದ್ರಕ್ಕೇ ಬೀಗ

ಆದರೆ ಅದು ನೆಲದ ಮಾತು. ಅರಬ್ಬೀ ಸಮುದ್ರಕ್ಕೆ ಒಡೆಯರಿರಲಿಲ್ಲ. ಭಟ್ಕಳ, ಹೊನ್ನಾವರ, ಮಿರ್ಜಾನ, ಅಂಕೋಲಾಗಳಿಂದ ಅಕ್ಕಿ, ಕಾಳುಮೆಣಸು ತುಂಬಿಕೊಂಡು ಹೊರಟ ಹಡಗು ಬಂದರಿನಲ್ಲಿ ಸುಂಕ ಕಟ್ಟಿದರೆ ಸಾಕು, ನಡುನೀರಿನಲ್ಲಿ ಯಾರಿಗೂ ಲೆಕ್ಕ ಕೊಡಬೇಕಾಗಿರಲಿಲ್ಲ. ಕಡಲುಗಳ್ಳರ ಭಯವಿತ್ತು, ಕಡಲಿಗೇ ಬಾಡಿಗೆ ಕೇಳುವವರಿರಲಿಲ್ಲ.

1498ರಲ್ಲಿ ವಾಸ್ಕೋ ಡ ಗಾಮ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಲಂಗರು ಹಾಕಿ ಹಡಗುಗಳನ್ನು ದುರಸ್ತಿ ಮಾಡಿಸಿದ. 1502ರಲ್ಲಿ ಎರಡನೆಯ ಸಲ ಬಂದಾಗ ಅವನ ಧೋರಣೆ ಬೇರೆಯಾಗಿತ್ತು. ಭಟ್ಕಳದ ಮೇಲೆ ದಾಳಿ ಮಾಡಿ ವರ್ಷವರ್ಷ ಅಕ್ಕಿಯ ಕಪ್ಪ ಕೊಡುವಂತೆ, ಮೆಣಸಿನ ವ್ಯಾಪಾರ ಬಿಡುವಂತೆ ಷರತ್ತು ಹಾಕಿದ. ಅದೇ ಹೊತ್ತಿನಿಂದ ಪೋರ್ಚುಗೀಸರು ಈ ಸಮುದ್ರದಲ್ಲಿ 'ಕರ್ತಾಜ್' ಪದ್ಧತಿಯನ್ನು ಜಾರಿಗೆ ತಂದರು. ಕಾಗದ ಎಂಬ ಅರ್ಥದ ಅರಬ್ಬೀ ಮಾತು 'ಕಿರ್ತಾಸ್'ನಿಂದ ಬಂದ ಹೆಸರು ಇದು.

ಕರ್ತಾಜಿನ ಒಕ್ಕಣೆ ಇಂದಿನ ಅರ್ಜಿ ನಮೂನೆಯನ್ನು ನೆನಪಿಸುವಂತಿದೆ. ಹಡಗಿನ ಹೆಸರೇನು, ಅದರ ನಾಖುದಾ ಯಾರು, ಎಷ್ಟು ಭಾರ ಹೊರುತ್ತದೆ, ಎಷ್ಟು ಮಂದಿ ಇದ್ದಾರೆ, ಏನು ಆಯುಧ ಇದೆ, ಎಲ್ಲಿಂದ ಎಲ್ಲಿಗೆ ಪ್ರಯಾಣ ಎಂದು ಅದರಲ್ಲಿ ಬರೆಯುತ್ತಿದ್ದರು. ಕಾಳುಮೆಣಸು ಪೋರ್ಚುಗಲ್ ದೊರೆಯ ಏಕಸ್ವಾಮ್ಯವಾದ್ದರಿಂದ ಅದನ್ನು ಸಾಗಿಸಕೂಡದು, ತುರ್ಕರನ್ನು ಹತ್ತಿಸಿಕೊಳ್ಳಕೂಡದು, ಯುದ್ಧ ಸಾಮಗ್ರಿ ಒಯ್ಯಕೂಡದು. ಚೀಟಿಗೆ ಕೊಡುವ ಹಣ ಚಿಲ್ಲರೆಯಷ್ಟೇ. ನಿಜವಾದ ಆದಾಯ ಬೇರೆ ಕಡೆಯಿತ್ತು. ಚೀಟಿ ಪಡೆದ ಹಡಗು ಪೋರ್ಚುಗೀಸರ ಕೋಟೆ ಇರುವ ಬಂದರಿಗೆ ಬಂದು ಸುಂಕ ಕಟ್ಟಲೇಬೇಕಾಗಿತ್ತು. ಚೀಟಿ ಇಲ್ಲದೆ ಸಿಕ್ಕಿಬಿದ್ದ ಹಡಗನ್ನು ಸರಕು ಸಮೇತ ವಶಪಡಿಸಿಕೊಳ್ಳುತ್ತಿದ್ದರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕೌಟಿಲ್ಯನ ಮುದ್ರಾಧ್ಯಕ್ಷ ತನ್ನ ರಾಜ್ಯದ ಗಡಿಯಲ್ಲಿ ಚೀಟಿ ಕೇಳಿದ. ಪೋರ್ಚುಗೀಸರು ತಮ್ಮದಲ್ಲದ ನೀರಿನಲ್ಲಿ ಚೀಟಿ ಕೇಳಿದರು. ಅವರ ಹಕ್ಕಿಗೆ ಇದ್ದ ಆಧಾರ ಹಡಗಿನ ಮೇಲಿನ ಫಿರಂಗಿ ಮಾತ್ರ. ಆದರೂ ಕರಾವಳಿಯ ಅರಸರು ಹೊಂದಿಕೊಂಡು ಹೋಗಬೇಕಾಯಿತು. ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯಂಥವರು ಅವರೊಡನೆ ವ್ಯಾಪಾರವನ್ನೂ ಮಾಡಿದರು, ಜಗಳವನ್ನೂ ಆಡಿದರು. ಹಾಗೆಂದು ಗೋವೆಯ ಕೈಯೇ ಸದಾ ಮೇಲಾಗಿತ್ತೆಂದಲ್ಲ. ಗೋವೆಯ ಜನ ಉಣ್ಣುವ ಅಕ್ಕಿಯಲ್ಲಿ ದೊಡ್ಡ ಪಾಲು ಕೆನರಾದಿಂದ ಹೋಗುತ್ತಿತ್ತು. ಅಕ್ಕಿ ನಿಂತರೆ ಫಿರಂಗಿ ಹೊಟ್ಟೆ ತುಂಬಿಸುವುದಿಲ್ಲ. ಕೆಳದಿಯ ನಾಯಕರು ಗೋವೆಯೊಡನೆ ಹದಿನೇಳನೆಯ ಶತಮಾನದಲ್ಲಿ ಮತ್ತೆ ಮತ್ತೆ ಒಪ್ಪಂದ ಮಾಡಿಕೊಂಡದ್ದರ ಹಿನ್ನೆಲೆಯಲ್ಲಿ ಈ ಪರಸ್ಪರ ಅವಲಂಬನೆ ಇತ್ತು.

ಅರಮನೆಯವರಿಗೂ ತಪ್ಪಲಿಲ್ಲ

ಚೀಟಿಯ ಕಾಟ ದೆಹಲಿಯ ಬಾದಶಹರ ಮನೆಯವರನ್ನೂ ಬಿಡಲಿಲ್ಲ. ಅಕ್ಬರನ ಸೋದರತ್ತೆ ಗುಲ್‌ಬದನ್ ಬೇಗಂ 1575ರಲ್ಲಿ ಫತೇಪುರ ಸಿಕ್ರಿಯಿಂದ ಹಜ್ ಯಾತ್ರೆಗೆ ಹೊರಟವಳು ಸೂರತ್ತಿನಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಕಾಯಬೇಕಾಯಿತು. ಪೋರ್ಚುಗೀಸರ ಕರ್ತಾಜ್ ಇಲ್ಲದೆ ಹಡಗು ಹೊರಡುವ ಹಾಗಿರಲಿಲ್ಲ. ಹಿಂದೂಸ್ಥಾನದ ಅರ್ಧಭಾಗವನ್ನು ಆಳುವವನ ಅತ್ತೆ, ಸಮುದ್ರದಂಚಿನ ಕೆಲವು ಕೋಟೆಗಳ ಒಡೆಯರ ಸಹಿಗಾಗಿ ಕಾದಳು. ಆ ಚೀಟಿಗಳ ಮೇಲೆ ಯೇಸು ಮತ್ತು ಮೇರಿಯ ಚಿತ್ರ ಅಚ್ಚಾಗಿರುತ್ತಿತ್ತು, ಅಂಥ ಚೀಟಿ ಹಿಡಿದು ಹಜ್‌ಗೆ ಹೋಗುವುದು ಸರಿಯೇ ಎಂಬ ಚರ್ಚೆಯೂ ಆ ಕಾಲದ ಉಲೇಮಾಗಳಲ್ಲಿ ನಡೆದಿತ್ತು.

ಚೀಟಿ ಇದ್ದರೂ ಭದ್ರತೆ ಖಾತ್ರಿಯಿರಲಿಲ್ಲ. 1613ರಲ್ಲಿ ಜಹಾಂಗೀರನ ತಾಯಿಗೆ ಸೇರಿದ 'ರಹೀಮಿ' ಎಂಬ ಭಾರೀ ಹಡಗನ್ನು, ಕರ್ತಾಜ್ ಇದ್ದಾಗ್ಯೂ, ಸೂರತ್ತಿನ ಬಳಿ ಪೋರ್ಚುಗೀಸರು ಹಿಡಿದರು. ಬಾದಶಹ ಸಿಟ್ಟಿಗೆದ್ದು ದಮನ್ ಮೇಲೆ ಸೈನ್ಯ ಕಳಿಸಿದ. ಪರವಾನಗಿ ಎಂಬುದು ಕೊಡುವವನ ಮಾತಿನಷ್ಟೇ ಗಟ್ಟಿ ಎಂಬ ಪಾಠ ಇಲ್ಲಿದೆ.

ನೆಲದ ಮೇಲಿನ ಪ್ರಯಾಣವೂ ಸುಲಭವಾಗಿರಲಿಲ್ಲ ಎಂಬುದಕ್ಕೆ ಅಂಕೋಲೆಯದೇ ಒಂದು ಸಾಕ್ಷ್ಯ ಇದೆ. ತಾಳಿಕೋಟೆ ಯುದ್ಧದ ನಂತರ, 1567ರಲ್ಲಿ, ವೆನಿಸ್ಸಿನ ವ್ಯಾಪಾರಿ ಚೇಸರೆ ಫೆಡೆರಿಚಿ ಪಾಳುಬಿದ್ದ ವಿಜಯನಗರದಲ್ಲಿ ಏಳು ತಿಂಗಳು ಕಳೆದು, ಘಟ್ಟ ಇಳಿದು ಅಂಕೋಲೆಗೆ ಬಂದು ಅಲ್ಲಿಂದ ಗೋವೆಗೆ ಹೋದ. ಕೇಂದ್ರದ ಹಿಡಿತ ತಪ್ಪಿದ ಆ ಕಾಲದಲ್ಲಿ ಊರೂರಿನ ಪಾಳೆಯಗಾರ ತನ್ನದೇ ನಾಣ್ಯ ಹೊಡೆಸುತ್ತಿದ್ದ. ಇಂದು ನಡೆದ ನಾಣ್ಯ ನಾಳೆಯ ಊರಿನಲ್ಲಿ ನಡೆಯುತ್ತಿರಲಿಲ್ಲ ಎಂದು ಆತ ಬರೆದಿಟ್ಟಿದ್ದಾನೆ. ದಾರಿಯಲ್ಲಿ ಕಳ್ಳರ ಕಾಟ ಬೇರೆ.

ಬ್ರಿಟಿಷರ ಕಾಲ: ತೆರೆದ ಗಡಿ, ಮುಚ್ಚಿದ ಬಂದರು

ಬ್ರಿಟಿಷರು ಸಮುದ್ರದ ಒಡೆಯರಾದ ಮೇಲೆ ಕರ್ತಾಜ್ ಅರ್ಥ ಕಳೆದುಕೊಂಡಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಕಾಳಿ ನದಿಯ ಆಚೆ ಸದಾಶಿವಗಡ, ಮಾಜಾಳಿ. ಮಾಜಾಳಿಯ ಆಚೆ ಪೋಳೆಂ. ಮಾಜಾಳಿ ಬ್ರಿಟಿಷರದು, ಪೋಳೆಂ ಪೋರ್ಚುಗೀಸರದು. ಎರಡೂ ಕಡೆ ಜನ ಆಡುವುದು ಕೊಂಕಣಿ. ಇತ್ತ ಕಡೆಯ ಅನೇಕ ಕುಟುಂಬಗಳ ಕುಲದೇವರು ಅತ್ತ ಗೋವೆಯಲ್ಲಿ. 1560ರಲ್ಲಿ ಗೋವೆಯಲ್ಲಿ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ನ್ಯಾಯಾಲಯ ಬಂದ ಮೇಲೆ ದಕ್ಷಿಣಕ್ಕೆ ಬಂದು ನೆಲೆಸಿದವರ ಸಂತತಿ ಕೆನರಾದ ಉದ್ದಕ್ಕೂ ಇದೆ. ಹೀಗಾಗಿ ಗಡಿ ನಕಾಶೆಯಲ್ಲಿತ್ತು, ಸಂಬಂಧಗಳಲ್ಲಿ ಇರಲಿಲ್ಲ.

1878ರಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಒಂದು ಒಪ್ಪಂದ ಮಾಡಿಕೊಂಡವು. ಅದರಂತೆ ಎರಡೂ ಪ್ರದೇಶಗಳು ಹನ್ನೆರಡು ವರ್ಷ ಒಂದೇ ಸುಂಕ ವ್ಯವಸ್ಥೆಗೆ ಒಳಪಟ್ಟವು. ಮುರಗಾಂವ ಬಂದರಿನಿಂದ ನಮ್ಮ ಜಿಲ್ಲೆಯ ಕ್ಯಾಸಲ್‌ರಾಕ್‌ವರೆಗೆ ರೈಲುಹಾದಿ ಬಂದುದು ಈ ಒಪ್ಪಂದದ ಫಲ. 1892ರಲ್ಲಿ ಒಪ್ಪಂದ ಬಿದ್ದುಹೋಯಿತು, ಸುಂಕದ ಚೌಕಿಗಳು ಮರಳಿದವು. ಆದರೂ ಚೌಕಿಯವರು ನೋಡುತ್ತಿದ್ದುದು ಮುಖ್ಯವಾಗಿ ಗಂಟುಮೂಟೆಯನ್ನು.

ಗಂಟಿನ ಬದಲು ಮನುಷ್ಯನನ್ನೇ ಪರೀಕ್ಷಿಸುವ ಕಾಲ ಬಂದದ್ದು ಮೊದಲ ಮಹಾಯುದ್ಧದೊಂದಿಗೆ. ಅದಕ್ಕೂ ಮೊದಲು ಮುಂಬಯಿಯಿಂದ ಹಡಗು ಹತ್ತಿದವರಿಗೆ ಪಾಸ್‌ಪೋರ್ಟು ಸಾಮಾನ್ಯವಾಗಿ ಕಡ್ಡಾಯವಿರಲಿಲ್ಲ. 1914ರಲ್ಲಿ ಪಂಜಾಬಿನ ಪ್ರಯಾಣಿಕರನ್ನು ಹೊತ್ತ ಕೊಮಗಾಟ ಮಾರು ಹಡಗನ್ನು ಕೆನಡಾ ತನ್ನ ದಡದಿಂದ ಹಿಂದಕ್ಕೆ ಅಟ್ಟಿತು. ಅವರು ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳೇ ಆಗಿದ್ದರು; ಕೆನಡಾ ಕೂಡ ಅದೇ ಸಾಮ್ರಾಜ್ಯದಲ್ಲಿತ್ತು. ಒಂದೇ ದೊರೆಯ ಪ್ರಜೆಗಳಲ್ಲೂ ಬಣ್ಣ ನೋಡಿ ಬಾಗಿಲು ಮುಚ್ಚಬಹುದು ಎಂಬುದು ಅಂದು ಗೊತ್ತಾಯಿತು. ಯುದ್ಧಕಾಲದ ನಿಯಮಗಳು ಭಾರತದಲ್ಲಿ ಪಾಸ್‌ಪೋರ್ಟನ್ನು ಕಡ್ಡಾಯ ಮಾಡಿದವು. ಯುದ್ಧ ಮುಗಿದ ಮೇಲೆ ಅವು ಹೋಗಲಿಲ್ಲ. ಭಾರತವನ್ನು ಪ್ರವೇಶಿಸುವವರಿಗೆ ಪಾಸ್‌ಪೋರ್ಟು ಬೇಕೆನ್ನುವ ಕಾನೂನು 1920ರಲ್ಲಿ ಬಂತು. ಅದೇ ವರ್ಷ ರಾಷ್ಟ್ರಸಂಘ ಪ್ಯಾರಿಸ್ಸಿನಲ್ಲಿ ಸಭೆ ಸೇರಿ ಪಾಸ್‌ಪೋರ್ಟಿಗೆ ಸಮಾನ ನಮೂನೆ ರೂಪಿಸಿತು. ತಾತ್ಕಾಲಿಕ ಎಂದು ಬಂದದ್ದು ಶಾಶ್ವತವಾಗಿ ನಿಂತಿತು.

ಮಾಜಾಳಿಯ ಆಚೆ ಪರದೇಶ

1947ರಲ್ಲಿ ಬ್ರಿಟಿಷರು ಹೋದರು, ಪೋರ್ಚುಗೀಸರು ಹೋಗಲಿಲ್ಲ. ಮಾತುಕತೆ ಫಲಿಸದೆ ಹೋದಾಗ ಭಾರತ 1954ರಲ್ಲಿ ಗೋವೆಯಿಂದ ಬರುವವರ ಮೇಲೆ ವೀಸಾ ನಿರ್ಬಂಧ ಹೇರಿತು. ಗೋವೆ, ದಮನ್, ದೀವ್, ದಾದ್ರಾ-ನಗರಹವೇಲಿಗಳ ನಡುವಿನ ಓಡಾಟ ಇದರಿಂದ ಕಡಿದುಹೋಯಿತು. ಅದೇ ವರ್ಷ ಜುಲೈ-ಆಗಸ್ಟಿನಲ್ಲಿ ದಾದ್ರಾ ಮತ್ತು ನಗರಹವೇಲಿ ಪೋರ್ಚುಗೀಸರ ಕೈತಪ್ಪಿದವು. ಆಗಸ್ಟ್ 15ರಂದು ಸತ್ಯಾಗ್ರಹಿಗಳ ಮೂರು ತಂಡಗಳು ಗೋವೆಯನ್ನು ಹೊಕ್ಕವು. ಅವುಗಳಲ್ಲಿ ಒಂದು ಕಾರವಾರದ ಕಡೆಯ ಪೋಳೆಂ ಹಾದಿ ಹಿಡಿದಿತ್ತು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಸಿ 'ಕರ್ನಾಟಕದ ಬಾರ್ಡೋಲಿ' ಎನಿಸಿದ ಅಂಕೋಲೆಯ ನೆರೆಯಲ್ಲೇ ಮತ್ತೊಂದು ಸತ್ಯಾಗ್ರಹದ ಹಾದಿ ತೆರೆದಿತ್ತು.

ಮರುವರ್ಷ, 1955ರ ಆಗಸ್ಟ್ 15ರಂದು, ಸಾವಿರಾರು ಸತ್ಯಾಗ್ರಹಿಗಳು ಗಡಿ ದಾಟಿದರು. ಪೋರ್ಚುಗೀಸ್ ಪೊಲೀಸರ ಗುಂಡಿಗೆ ಇಪ್ಪತ್ತಕ್ಕೂ ಹೆಚ್ಚು ಜನ ಬಲಿಯಾದರು. ಭಾರತ ಗಡಿಯನ್ನು ಬಿಗಿಯಾಗಿ ಮುಚ್ಚಿತು. ಕ್ಯಾಸಲ್‌ರಾಕ್‌ನ ಆಚೆ ರೈಲು ನಿಂತಿತು. ಸೆಪ್ಟೆಂಬರ್ 1ರಂದು ಗೋವೆಯಲ್ಲಿದ್ದ ಭಾರತದ ಕಾನ್ಸಲ್ ಕಚೇರಿಗೆ ಬೀಗ ಬಿತ್ತು. ವೀಸಾ ಕೇಳುವ ಕಿಟಕಿಯೇ ಮುಚ್ಚಿದಂತಾಯಿತು.

ಇದರ ಅರ್ಥವನ್ನು ಕಾರವಾರದ ಕಣ್ಣಿನಿಂದ ನೋಡಬೇಕು. ಕೋಡಿಬಾಗದಲ್ಲಿ ದೋಣಿ ಹತ್ತಿ ಕಾಳಿ ದಾಟಿ ಸದಾಶಿವಗಡಕ್ಕೆ, ಅಲ್ಲಿಂದ ಮಾಜಾಳಿಗೆ ಹೋದರೆ ದಾರಿ ಮುಗಿಯಿತು. ಮುಂದಿನ ಊರು ಪರದೇಶ. ಮಗಳನ್ನು ಕೊಟ್ಟ ಮನೆ, ಕುಲದೇವರ ಜಾತ್ರೆ, ಹಿರಿಯರ ಆಸ್ತಿ ಎಲ್ಲವೂ ಪರವಾನಗಿಯ ಆಚೆ ಉಳಿದವು. ಮುಂಬಯಿಯಲ್ಲಿ ದುಡಿಯುತ್ತಿದ್ದ ಗೋವೆಯವರು ಮನೆಗೆ ಹಣ ಕಳಿಸುವುದೂ ಕಷ್ಟವಾಯಿತು. ದಿಗ್ಬಂಧನ ಹೇರಿದ್ದು ಸಾಲಾಜಾರನ ಸರ್ಕಾರವನ್ನು ಮಣಿಸಲು. ಅದರ ಭಾರ ಮೊದಲು ಬಿದ್ದದ್ದು ಗಡಿಯ ಎರಡೂ ಕಡೆಯ ಸಾಮಾನ್ಯರ ಮೇಲೆ. ಗೋವೆಯ ಆಡಳಿತವೇನೋ ಕಬ್ಬಿಣದ ಅದಿರು ಮಾರಿ, ಆಲೂಗಡ್ಡೆಯನ್ನು ಹಾಲೆಂಡಿನಿಂದ, ಚಹವನ್ನು ಸಿಲೋನಿನಿಂದ ತರಿಸಿಕೊಂಡಿತು. ಭಾರತದ ನೆಲ ಮುಟ್ಟದೆ ಹೊರಜಗತ್ತಿಗೆ ಹೋಗಲು 1955ರಲ್ಲಿ ದಾಬೋಳಿಯಲ್ಲಿ ವಿಮಾನ ನಿಲ್ದಾಣವನ್ನೂ ಕಟ್ಟಿತು.

ಕಾಗದ ಮನುಷ್ಯರನ್ನು ತಡೆಯಬಹುದು, ಮಾತನ್ನು ತಡೆಯಲಾರದು. 1955ರ ನವೆಂಬರಿನಲ್ಲಿ ಲಿಬಿಯಾ ಲೋಬೊ ಮತ್ತು ವಾಮನ ಸರದೇಸಾಯಿ ಆರಂಭಿಸಿದ 'ಸ್ವಾತಂತ್ರ್ಯದ ಧ್ವನಿ' ಎಂಬ ಗುಪ್ತ ರೇಡಿಯೊ ಮೊದಲು ಆಂಬೋಲಿಯ ಕಾಡಿನಿಂದ, ಅನಂತರ ಕ್ಯಾಸಲ್‌ರಾಕ್‌ನಿಂದ ಕೊಂಕಣಿ ಮತ್ತು ಪೋರ್ಚುಗೀಸ್ ಭಾಷೆಗಳಲ್ಲಿ ಗೋವೆಗೆ ಸುದ್ದಿ ಬಿತ್ತರಿಸಿತು. ಅದಕ್ಕೆ ಯಾವ ಪರ್ಮಿಟ್ಟೂ ಬೇಕಾಗಲಿಲ್ಲ.

ಹೇಗ್ ನ್ಯಾಯಾಲಯದ ಮುಂದೆ

ತನ್ನ ಪ್ರದೇಶಗಳ ನಡುವೆ ಓಡಾಡಲು ಭಾರತ ದಾರಿ ಬಿಡುತ್ತಿಲ್ಲವೆಂದು ಪೋರ್ಚುಗಲ್ 1955ರ ಡಿಸೆಂಬರಿನಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 1960ರ ಏಪ್ರಿಲ್ 12ರಂದು ತೀರ್ಪು ಬಂತು. ದಮನ್ ಮತ್ತು ಒಳನಾಡಿನ ಆ ಪ್ರದೇಶಗಳ ನಡುವೆ ಖಾಸಗಿ ವ್ಯಕ್ತಿಗಳು, ನಾಗರಿಕ ಅಧಿಕಾರಿಗಳು, ಸಾಮಾನ್ಯ ಸರಕು ಓಡಾಡುವ ಹಕ್ಕು 1954ರಲ್ಲಿ ಪೋರ್ಚುಗಲ್‌ಗೆ ಇತ್ತು. ಆದರೆ ಅದು ಭಾರತದ ನಿಯಂತ್ರಣಕ್ಕೆ ಒಳಪಟ್ಟ ಹಕ್ಕು. ಸೈನ್ಯ, ಪೊಲೀಸು, ಆಯುಧಗಳಿಗೆ ಅಂಥ ಹಕ್ಕು ಇರಲಿಲ್ಲ. ಆಗಿನ ಉದ್ವಿಗ್ನ ಸ್ಥಿತಿಯಲ್ಲಿ ದಾರಿ ನಿರಾಕರಿಸಿದ್ದು ತಪ್ಪಲ್ಲ ಎಂದು ನ್ಯಾಯಾಲಯ ಹೇಳಿತು. ನೆಲದ ಒಡೆಯನಿಗೆ ಅನುಮತಿ ಕೊಡುವ, ನಿಯಂತ್ರಿಸುವ ಅಧಿಕಾರ ಇದೆ ಎಂಬುದೇ ಇದರ ತಿರುಳು. ನಾಲ್ಕೂವರೆ ಶತಮಾನ ಹಿಂದೆ ಬೇರೆಯವರ ಕಡಲಲ್ಲಿ ಚೀಟಿ ಹಂಚಿದ ದೇಶವೇ ಈಗ ಚೀಟಿಗಾಗಿ ಕಟಕಟೆ ಹತ್ತಿದ್ದು ಇತಿಹಾಸದ ವ್ಯಂಗ್ಯ.

ಮರುವರ್ಷದ ನವೆಂಬರಿನಲ್ಲಿ ಅಂಜದೀವದಿಂದ ಪೋರ್ಚುಗೀಸರು 'ಸಾಬರಮತಿ' ಎಂಬ ಪ್ರಯಾಣಿಕರ ಸ್ಟೀಮರಿನ ಮೇಲೂ, ಕೆಲವು ದಿನಗಳಲ್ಲೇ ಮೀನುಗಾರರ ದೋಣಿಯ ಮೇಲೂ ಗುಂಡು ಹಾರಿಸಿದರು. ಒಬ್ಬ ಮೀನುಗಾರ ಸತ್ತ. ಡಿಸೆಂಬರ್ 18ರಂದು ಭಾರತದ ನೌಕಾಪಡೆ ದ್ವೀಪಕ್ಕೆ ಇಳಿಯಿತು. ಏಳು ಮಂದಿ ನಾವಿಕರು ಪ್ರಾಣ ತೆತ್ತರು. ಮಾರನೆಯ ದಿನ, 1961ರ ಡಿಸೆಂಬರ್ 19ರಂದು, ಗೋವೆಯೂ ಸ್ವತಂತ್ರವಾಯಿತು. ಮಾಜಾಳಿಯ ಆಚೆಯ ಪರದೇಶ ಮತ್ತೆ ಪಕ್ಕದೂರಾಯಿತು.

ಗಡಿ ಹೋದ ಮೇಲೂ ಉಳಿದ ಗೆರೆ

ಗಡಿ ಅಳಿಸಿದ ಮೇಲೆ ಕಾಗದದ ಕಥೆ ಮುಗಿಯಿತೆ? ಇಲ್ಲ. 1962ರ ಮಾರ್ಚಿನಲ್ಲಿ ಹೊರಟ ಆದೇಶ ಗೋವೆಯಲ್ಲಿ ಹುಟ್ಟಿದವರನ್ನು ಭಾರತದ ಪೌರರನ್ನಾಗಿ ಮಾಡಿತು. ಬೇಡವೆನ್ನುವವರಿಗೆ ಪೋರ್ಚುಗೀಸ್ ಪೌರರಾಗಿಯೇ ಉಳಿಯಲು ಒಂದು ತಿಂಗಳ ಅವಕಾಶ ಕೊಟ್ಟಿತು. ಹಾಗೆ ಉಳಿದ ಒಬ್ಬ ಪಾದ್ರಿ, ಮೊಂತೇರೊ ಎಂಬವರು, ತಾವು ಹುಟ್ಟಿದ ಊರಿನಲ್ಲೇ ವಿದೇಶಿಯರೆಂದು ನೋಂದಾಯಿಸಿಕೊಳ್ಳಬೇಕಾಯಿತು. 1964ರಲ್ಲಿ ಅವರ ವಾಸದ ಪರವಾನಗಿಯ ಅವಧಿ ಮುಗಿಯಿತು; ಅವರು ನವೀಕರಿಸಲಿಲ್ಲ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1969ರಲ್ಲಿ ಕೋರ್ಟು ಅವರ ವಿರುದ್ಧ ತೀರ್ಪು ಕೊಟ್ಟಿತು. ಮನುಷ್ಯ ಎಲ್ಲಿಗೂ ಹೋಗದೆ ಇದ್ದಲ್ಲೇ ಇದ್ದರೂ ಗಡಿ ಅವನನ್ನು ದಾಟಿ ಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಇದರ ಇನ್ನೊಂದು ಮುಖ ಇಂದಿಗೂ ಜೀವಂತ. 1974ರ ಕೊನೆಯಲ್ಲಿ ಪೋರ್ಚುಗಲ್ ಗೋವೆಯ ಮೇಲೆ ಭಾರತದ ಒಡೆತನವನ್ನು ಒಪ್ಪಿಕೊಂಡಿತು. ಆದರೆ ವಿಮೋಚನೆಗೆ ಮೊದಲು ಅಲ್ಲಿ ಹುಟ್ಟಿದವರು ಮತ್ತು ಅವರ ಮಕ್ಕಳು, ಮೊಮ್ಮಕ್ಕಳು ಪೋರ್ಚುಗೀಸ್ ಪೌರತ್ವ ಕೇಳಲು ಅದರ ಕಾನೂನು ಅವಕಾಶ ಕೊಡುತ್ತ ಬಂದಿದೆ. ಹಾಗೆ ಪಡೆದವರು ಐರೋಪ್ಯ ಒಕ್ಕೂಟದ ದೇಶಗಳಲ್ಲಿ ಯಾವ ವೀಸಾ ಇಲ್ಲದೆ ಓಡಾಡಬಹುದು, ದುಡಿಯಬಹುದು. ಭಾರತ ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲವಾದ್ದರಿಂದ ಅವರು ಭಾರತದ ಪೌರತ್ವವನ್ನು ಕಳೆದುಕೊಳ್ಳುತ್ತಾರೆ. ಹುಟ್ಟೂರಿನಲ್ಲಿ ಮತ ಹಾಕುವ ಹಕ್ಕೂ ಹೋಗುತ್ತದೆ.

ಈಗ ಒಂದೇ ಮನೆತನದ ಎರಡು ಕವಲುಗಳನ್ನು ಊಹಿಸಿಕೊಳ್ಳಿ. ಒಂದು ಕವಲಿನ ಅಜ್ಜ ಪೋಳೆಂನಲ್ಲಿ ಹುಟ್ಟಿದ, ಇನ್ನೊಂದರ ಅಜ್ಜ ಮಾಜಾಳಿಯಲ್ಲಿ. ಭಾಷೆ ಒಂದು, ದೇವರು ಒಂದು, ಊಟ ಒಂದು. ಮೊದಲನೆಯವನ ಮೊಮ್ಮಗ ಲಿಸ್ಬನ್ನಿಗೆ ಹಕ್ಕಿನಿಂದ ಹೋಗಬಲ್ಲ. ಎರಡನೆಯವನ ಮೊಮ್ಮಗ ಅದೇ ಲಿಸ್ಬನ್ನಿಗೆ ಪ್ರವಾಸ ಹೋಗಬೇಕಾದರೆ ಬ್ಯಾಂಕಿನ ಲೆಕ್ಕ, ನೌಕರಿಯ ಪತ್ರ, ಹೋಟೆಲಿನ ರಸೀದಿ, ವಿಮೆ ಎಲ್ಲ ಜೋಡಿಸಿ, ಬೆರಳಚ್ಚು ಕೊಟ್ಟು ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕಬೇಕು. 2024ರ ಜೂನಿನಿಂದ ಅದರ ಶುಲ್ಕ 90 ಯೂರೊ. ಅರ್ಜಿ ತಿರಸ್ಕೃತವಾದರೂ ಹಣ ಮರಳುವುದಿಲ್ಲ. ಅಳಿಸಿಹೋದ ಗಡಿಯ ಗೆರೆ ಮೊಮ್ಮಕ್ಕಳ ಕೈಯಲ್ಲಿನ ಕಾಗದದಲ್ಲಿ ಉಳಿದಿದೆ.

ಕಂಪ್ಯೂಟರಿನ ಮುದ್ರಾಧ್ಯಕ್ಷ

ವಿದೇಶಕ್ಕೆ ಹೋಗುವುದು ಸರ್ಕಾರದ ಕೃಪೆಯಲ್ಲ, ಪೌರನ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ನಮ್ಮ ಸುಪ್ರೀಂ ಕೋರ್ಟು 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಮೊಕದ್ದಮೆಯಲ್ಲಿ ಹೇಳಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯಿದೆ ಬಂತು. 1978ರಲ್ಲಿ ಮೇನಕಾ ಗಾಂಧಿ ಮೊಕದ್ದಮೆ ಆ ಹಕ್ಕನ್ನು ಇನ್ನಷ್ಟು ಗಟ್ಟಿ ಮಾಡಿತು. ಆದರೆ ಈ ಹಕ್ಕು ನಮ್ಮ ಹೊಸ್ತಿಲಿನವರೆಗೆ ಮಾತ್ರ. ಅತ್ತ ಬಾಗಿಲು ತೆರೆಯುವುದು ಮನೆಯವರ ಇಷ್ಟ.

ಆ ಬಾಗಿಲಿನ ಕೆಲಸವನ್ನು ಕಂಪ್ಯೂಟರಿಗೆ ವಹಿಸಿದವರಲ್ಲಿ ಆಸ್ಟ್ರೇಲಿಯ ಮೊದಲಿಗರ ಸಾಲಿನದು. 1996ರಲ್ಲೇ ಅದು ಪಾಸ್‌ಪೋರ್ಟಿಗೆ ಚೀಟಿ ಅಂಟಿಸದೆ ವಿದ್ಯುನ್ಮಾನ ಅನುಮತಿ ಕೊಡತೊಡಗಿತು. ಶ್ರೀಲಂಕಾ 2012ರಲ್ಲಿ, ತುರ್ಕಿ 2013ರಲ್ಲಿ ಇಂಥ ವ್ಯವಸ್ಥೆ ತಂದವು. ಭಾರತ 2010ರಲ್ಲಿ ಐದು ದೇಶದವರಿಗೆ 'ಬಂದಿಳಿದ ಮೇಲೆ ವೀಸಾ' ಕೊಟ್ಟು ನೋಡಿತು. 2014ರ ನವೆಂಬರ್ 27ರಂದು 43 ದೇಶಗಳ ಪ್ರವಾಸಿಗಳಿಗೆ ಒಂಬತ್ತು ವಿಮಾನ ನಿಲ್ದಾಣಗಳ ಮೂಲಕ ಮೊದಲೇ ಅರ್ಜಿ ಹಾಕಿ ಬರುವ ಅವಕಾಶ ತೆರೆಯಿತು. ಮರುವರ್ಷ ಅದಕ್ಕೆ ಇ-ಟೂರಿಸ್ಟ್ ವೀಸಾ ಎಂದು ಹೆಸರಾಯಿತು. ಆ ಒಂಬತ್ತರಲ್ಲಿ ಬೆಂಗಳೂರಿನ ಜೊತೆ ದಾಬೋಳಿಯೂ ಇತ್ತು. ಭಾರತದ ನೆಲ ತಪ್ಪಿಸಿ ಹಾರಲು ಪೋರ್ಚುಗೀಸರು ಕಟ್ಟಿದ ನಿಲ್ದಾಣ ಭಾರತದ ಹೆಬ್ಬಾಗಿಲುಗಳಲ್ಲಿ ಒಂದಾಯಿತು. ಅನಂತರ ಮಂಗಳೂರಿನ ವಿಮಾನ ನಿಲ್ದಾಣ, ನವಮಂಗಳೂರು ಬಂದರುಗಳೂ ಪಟ್ಟಿಗೆ ಸೇರಿದವು.

ಕ್ರಮ ಎಲ್ಲ ದೇಶಗಳಲ್ಲೂ ಸರಿಸುಮಾರು ಒಂದೇ. ಅರ್ಜಿದಾರ ಆ ದೇಶದ ಸರ್ಕಾರದ ತಾಣದಲ್ಲಿ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ, ಪ್ರಯಾಣದ ದಿನ, ಉಳಿಯುವ ಸ್ಥಳ ತುಂಬುತ್ತಾನೆ, ಭಾವಚಿತ್ರ ಮತ್ತು ಪಾಸ್‌ಪೋರ್ಟಿನ ಪುಟದ ಚಿತ್ರ ಸೇರಿಸುತ್ತಾನೆ, ಶುಲ್ಕ ಕಟ್ಟುತ್ತಾನೆ. ಸರ್ಕಾರ ತನ್ನ ದಾಖಲೆಗಳೊಂದಿಗೆ ತಾಳೆ ನೋಡಿ ಉತ್ತರ ಕಳಿಸುತ್ತದೆ. ಕರ್ತಾಜಿನಲ್ಲಿ ಹಡಗಿಗೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಮನುಷ್ಯನಿಗೆ ಕೇಳುತ್ತಾರೆ, ಅಷ್ಟೇ.

ಓದುಗರು ನೆನಪಿಡಬೇಕಾದ ಕೆಲವು ಸಂಗತಿಗಳಿವೆ. ಅರ್ಜಿಯಲ್ಲಿನ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಬೇಕು. ಮನೆತನದ ಹೆಸರು, ತಂದೆಯ ಹೆಸರು, ಊರ ಹೆಸರು ಬೆರೆತ ನಮ್ಮ ಹೆಸರುಗಳಲ್ಲಿ ಯಾವುದನ್ನು ಯಾವ ಚೌಕದಲ್ಲಿ ತುಂಬಬೇಕೆಂಬ ಗೊಂದಲದಿಂದಲೇ ಅರ್ಜಿ ಕೆಡಬಹುದು. ಸಂಖ್ಯೆಯ ಒಂದು ಅಂಕಿ ತಪ್ಪಿದರೂ ವಿಮಾನ ಹತ್ತಿಸುವುದಿಲ್ಲ. ಸರ್ಕಾರಿ ತಾಣದ ಹೆಸರು, ರೂಪವನ್ನೇ ಹೋಲುವ ಖಾಸಗಿ ತಾಣಗಳು ಹಲವು ಪಟ್ಟು ಹಣ ಕೀಳುತ್ತವೆ. ಕೆಲವು ಕೊಡುವ ಚೀಟಿಯೇ ಖೋಟಾ. ಎಲ್ಲಕ್ಕಿಂತ ಮುಖ್ಯವಾಗಿ, ಇ-ವೀಸಾ ಬಂದರೂ ಕೊನೆಯ ಮಾತು ಅತ್ತ ಕಡೆಯ ವಲಸೆ ಅಧಿಕಾರಿಯದು. ಅವನು ಬೇಡವೆಂದರೆ ಮರಳಿ ಬರಬೇಕು.

ಕೊಟ್ಟ ಅನುಮತಿಯನ್ನು ಹಿಂದಕ್ಕೆ ಪಡೆಯುವುದೂ ಈಗ ಕ್ಷಣದ ಕೆಲಸ. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಭಾರತ ಪ್ರವಾಸಿ ವೀಸಾಗಳನ್ನು ಒಂದೇ ಆದೇಶದಲ್ಲಿ ಅಮಾನತಿನಲ್ಲಿಟ್ಟಿತು. ಪ್ರವಾಸಿಗಳಿಗೆ ಬಾಗಿಲು ಮತ್ತೆ ತೆರೆದದ್ದು 2021ರ ಕೊನೆಯಲ್ಲಿ. ಗೋಕರ್ಣದ ಕುಟೀರಗಳು ಆ ಎರಡು ಹಂಗಾಮು ವಿದೇಶಿಯರಿಲ್ಲದೆ ಕಳೆದವು. 2023ರ ಸೆಪ್ಟೆಂಬರಿನಲ್ಲಿ ಕೆನಡಾದೊಡನೆ ಮನಸ್ತಾಪ ಬಂದಾಗ ಅಲ್ಲಿಯವರಿಗೆ ಕೊಡುವ ವೀಸಾ ಎರಡು ತಿಂಗಳು ನಿಂತಿತು. 1914ರಲ್ಲಿ ನಮ್ಮವರ ಹಡಗನ್ನು ಅಟ್ಟಿದ ದೇಶದ ಪೌರರಿಗೆ ನಾವು ಬಾಗಿಲು ಮುಚ್ಚುವ ಸ್ಥಿತಿಯಲ್ಲಿದ್ದೆವು ಎಂಬುದೂ, ಅದರಿಂದ ತೊಂದರೆ ಅನುಭವಿಸಿದವರಲ್ಲಿ ಅಲ್ಲಿ ನೆಲೆಸಿದ ನಮ್ಮದೇ ಬಂಧುಗಳು ಬಹಳ ಮಂದಿ ಎಂಬುದೂ ಎರಡೂ ನಿಜ. 1954ರ ಮಾಜಾಳಿಯಲ್ಲೂ ಹೀಗೆಯೇ ಆಗಿತ್ತು.

ವೀಸಾ ಎಂಬುದು ದೇಶ ದೇಶಗಳ ನಡುವಿನ ಬಲಾಬಲದ ಅಳತೆಗೋಲು. ಅದು ಹಡಗಿನಿಂದ ಮನುಷ್ಯನಿಗೆ, ಕಾಗದದಿಂದ ಕಂಪ್ಯೂಟರಿಗೆ ಬಂದಿದೆ. ಸಾಲು, ಕಾಯುವಿಕೆ, ಗುಮಾಸ್ತರ ಗದರಿಕೆ ತಪ್ಪಿಸಿದ್ದು ಇ-ವೀಸಾದ ದೊಡ್ಡ ಉಪಕಾರ. ಕಾರವಾರದವನು ಬರೀ ಅರ್ಜಿ ಕೊಡಲು ಮುಂಬಯಿಗೋ ಚೆನ್ನೈಗೋ ಹೋಗಬೇಕಾಗಿಲ್ಲ. ಆದರೆ ಅರ್ಜಿ ಸುಲಭವಾದಷ್ಟು ಅನುಮತಿ ಸುಲಭವಾಗಿಲ್ಲ. ಯಾರಿಗೆ ಒಂದು ಗುಂಡಿ ಒತ್ತಿದರೆ ಸಾಕು, ಯಾರಿಗೆ ಬ್ಯಾಂಕಿನ ಆರು ತಿಂಗಳ ಲೆಕ್ಕ ಬೇಕು ಎಂಬುದನ್ನು ಈಗಲೂ ನಿರ್ಧರಿಸುವುದು ಹುಟ್ಟಿದ ನೆಲ.

ಅಂಜದೀವ ಇಂದಿಗೂ ಆಡಳಿತದ ಲೆಕ್ಕದಲ್ಲಿ ಗೋವೆಗೆ ಸೇರಿದ್ದು. ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಹಳ್ಳಿಗಳನ್ನು ಎಬ್ಬಿಸಿ ಕಟ್ಟಿದ ಸೀಬರ್ಡ್ ನೌಕಾನೆಲೆಯ ಆವರಣದೊಳಗೆ ಅದು ಇದೆ. ಅಲ್ಲಿಯ ಬ್ರೋತಾಸ್ ಮಾತೆಯ ಇಗರ್ಜಿಯ ಹಬ್ಬಕ್ಕೆ ಹಿಂದೆ ದೋಣಿ ಕಟ್ಟಿಕೊಂಡು ಹೋಗುತ್ತಿದ್ದ ಜನ ಈಗ ಹಾಗೆ ಹೋಗುವಂತಿಲ್ಲ; ಭಾರತದ ಪೌರರಿಗೂ ನೌಕಾಪಡೆಯ ಅಪ್ಪಣೆ ಬೇಕು. ಕಾರವಾರದ ದಡದಲ್ಲಿ ನಿಂತರೆ ದ್ವೀಪ ಕಣ್ಣಿಗೆ ಕಾಣುತ್ತದೆ. ಹೋಗಲು ಮಾತ್ರ, ಐನೂರು ವರ್ಷಗಳ ಹಿಂದಿನಂತೆ, ಮೊದಲು ಒಂದು ಚೀಟಿ ಪಡೆಯಬೇಕು.